ಬೀಗರ ಧಾಟಿ ಪಿಯಾನೋ ಏರಿದ ದಿನ

ನೆರೆಮನೆಯ ಚಂದ್ರಪ್ಪ ಆಡಿದ ಒಂದೇ ಒಂದು ಒಳ್ಳೆಯ ಮಾತಿನಿಂದ ಮಹಾಲಿಂಗಪ್ಪ ಮಾಸ್ತರರ ಭಾನುವಾರ ಬೆಳಗಿನ ಎಂಟು ಗಂಟೆಗೇ ಕೆಟ್ಟಿತು. ಕೆಟ್ಟ ಮಾತಾಗಿದ್ದರೆ ಜಗಳ ಆಡಿ ಹಗುರಾಗಬಹುದಿತ್ತು. ಒಳ್ಳೆಯ ಮಾತಿಗೆ ಯಾರು ಏನು ಮಾಡಲಾದೀತು?

ಅಂದು ಸಂಜೆ ಸವಣೂರಿನ ಕಲ್ಯಾಣ ಮಂಟಪದಲ್ಲಿ ಬೆಂಗಳೂರಿನ ನಲವತ್ತು ಮಂದಿಯ ವಾದ್ಯವೃಂದದ ಕಾರ್ಯಕ್ರಮ. ಹುಟ್ಟಿದ ನೆಲ ಬಿಟ್ಟು ಬೇರೆ ಕಡೆ ನೆಲೆಸಿದ ಸಂಗೀತ ರಚನಕಾರರ ಕೃತಿಗಳನ್ನಷ್ಟೇ ಅವರು ನುಡಿಸುವುದು. ಹೋದ ಹೋದ ಊರಿನಲ್ಲಿ, ಹೊರಗಿನಿಂದ ಬಂದು ಅಲ್ಲಿಯೇ ಉಳಿದ ಒಬ್ಬರ ರಚನೆಯನ್ನು ಹುಡುಕಿ, ಮುಂಬೈಯಿಂದ ಬಂದ ಅತಿಥಿ ಕಲಾವಿದೆ ತಹಮೀನಾ ಅದನ್ನು ಪಿಯಾನೋ ಮೇಲೆ ಒಬ್ಬಳೇ ನುಡಿಸುತ್ತಿದ್ದಳು. ಆಮೇಲೆ ಕಟ್ಟಿದವರಿಗೆ ಶಾಲು, ಹಾರ. ಸವಣೂರಿನಲ್ಲಿ ಅವರು ಆರಿಸಿದ್ದು ‘ಬೀಗರ ಧಾಟಿ’ಯನ್ನು.

ಮದುವೆಯಲ್ಲಿ ಗಂಡಿನ ಕಡೆಯವರು ಮಂಟಪದ ಬಾಗಿಲಿಗೆ ಬಂದಾಗ ಮುಬಶೀರನ ಬ್ಯಾಂಡಿನವರು ಊದುವ ಧಾಟಿ ಅದು. ಅದು ಕಿವಿಗೆ ಬಿತ್ತೆಂದರೆ ಉಂಡು ಅಡ್ಡಾದವರೂ ಎದ್ದು, ಬಾಗಿಲಿಗೆ ಮುಖ ಮಾಡಿ ಕೈಮುಗಿಯಬೇಕು. ಮೂವತ್ತು ವರ್ಷಗಳ ಹಿಂದೆ ಹಾರ್ಮೋನಿಯಂ ಮೇಲೆ ಅದನ್ನು ಕಟ್ಟಿ ಬ್ಯಾಂಡಿನವರಿಗೆ ಕಲಿಸಿದವರು ಮಾಸ್ತರರು. ಈ ಸಂಗತಿ ಮುಬಶೀರನಿಗೆ ಗೊತ್ತು, ಹೆಂಡತಿ ಫಕ್ಕೀರವ್ವನಿಗೆ ಗೊತ್ತು. ಉಳಿದ ಊರಿಗೆ ಅದು ಓಣಿಯ ಬಾವಿಯಂತೆ ಮೊದಲಿನಿಂದಲೂ ಇದ್ದದ್ದು. ಒಮ್ಮೆಯಾದರೂ ಊರೆಲ್ಲ ಕೂತಿರುವಾಗ ಆ ಧಾಟಿಯ ಜೊತೆ ತಮ್ಮ ಹೆಸರು ಮೈಕಿನಲ್ಲಿ ಬರಬೇಕೆಂದು ಮಾಸ್ತರರಿಗೆ ಬಲು ಆಸೆಯಿತ್ತು.

ವಾದ್ಯವೃಂದದ ವ್ಯವಸ್ಥೆ ನೋಡುವ ಪೂಜಾ, ಮುಬಶೀರ ಹೇಳಿದ ಗುರುತಿನ ಮೇಲೆ ಬೆಳಿಗ್ಗೆ ಮನೆ ಹುಡುಕಿಕೊಂಡು ಬಂದು, ಕಟ್ಟೆಯ ಮೇಲೆ ಕೂತಿದ್ದ ಚಂದ್ರಪ್ಪನನ್ನು ಕೇಳಿದಳು: “ಮಾಸ್ತರ್ ಮೂಲ ಯಾವೂರಿನವರು?”

“ಯಾವೂರು ಅಂದ್ರ? ಅಪ್ಪಟ ಸವಣೂರವ್ರ ರೀ! ಹೊರಗಿನವ್ರು ಅಂದಾಂವ ಯಾಂವ? ಕರೀರಿ ಇಲ್ಲೆ ಅವನ್ನ!”

ಒಳಗೆ ಶಾಲು ಹೊದೆಯಲು ಹೊಂದುವ ಅಂಗಿ ಹುಡುಕುತ್ತಿದ್ದ ಮಾಸ್ತರರು ಅರ್ಧ ಗುಂಡಿ ಹಾಕಿಕೊಂಡೇ ಓಡಿ ಬಂದರು. “ಏ ಚಂದ್ರಪ್ಪಾ, ಬಾಯಿ ಮುಚ್ಚೋ! ನಾ ಮಾಸೂರಾಂವ ಅದೇನವಾ. ಹಿರೇಕೆರೂರ ಕಡೆ. ನೌಕರಿ ಮ್ಯಾಲ ಬಂದು ಇಲ್ಲೇ ಉಳದೇನಿ.”

ಪೂಜಾ ಮುಖ ಸಣ್ಣದು ಮಾಡಿದಳು. “ಊರು ಹತ್ತಿರದ್ದಾದ್ರೂ ಪರವಾಗಿಲ್ಲ ಸರ್. ಆದ್ರೆ ಹೋದ ವಾರ ಒಂದು ಊರಲ್ಲಿ ಅಲ್ಲೇ ಹುಟ್ಟಿದವರು ಹೊರಗಿನವರು ಅಂತ ಶಾಲು ಹೊದ್ಕೊಂಡುಬಿಟ್ಟರು. ದೊಡ್ಡ ಗಲಾಟೆ ಆಯ್ತು. ಮನೆಯವರನ್ನ ಬಿಟ್ಟು ಯಾರಾದರೂ ಒಬ್ಬರು ನೀವು ಹೊರಗಿನವರು ಅಂತ ಹೇಳಲಿ, ಸಾಕು.”

ಓಣಿಯಲ್ಲಿ ಅದನ್ನು ಹೇಳುವವರು ಒಬ್ಬರೂ ಸಿಗಲಿಲ್ಲ. ಎದುರುಮನೆಯ ಚಾಂದಬಿ ಗಲ್ಲ ಗಲ್ಲ ಬಡಿದುಕೊಂಡಳು. “ತೌಬಾ, ತೌಬಾ! ಮಾಸ್ತರ ಹೊರಗಿನವ್ರಾ? ನಮ್ಮ ಹುಡಿಗಿ ಶಾದಿವೊಳಗ ಬಾಗಲದಾಗ ನಿಂತು ಬೀಗರ್ನ ಕರಕೊಂಡವ್ರು ಇವರ. ಅಂಥಾ ಮಾತು ಆಡಿದ್ರ ನನ್ನ ನಾಲಿಗಿ ಬಿದ್ದೀತು.” ಚುನಾವಣೆಯ ಚೀಟಿ ತೋರಿಸಿದರೆ ಸವಣೂರು. ಆಧಾರ್ ಕಾರ್ಡೂ ಸವಣೂರು. ಊರಿನ ಹೆಸರಿದ್ದ ಶಾಲೆಯ ದಾಖಲೆಯನ್ನು ಗೆದ್ದಲು ತಿಂದು ಹತ್ತು ವರ್ಷವಾಗಿತ್ತು. ಮಾಸ್ತರರು ಓಣಿಯ ನಡುವೆ ನಿಂತು, “ನಿಮ್ಮ ಕಾಲು ಬೀಳ್ತೇನಿ, ನನ್ನ ಒಮ್ಮೆ ಹೊರಗಿನಾಂವ ಅನ್ರಿ!” ಎಂದು ಅಂಗಲಾಚಿದರು. ಮಾಸ್ತರರ ತಲೆ ಕೆಟ್ಟಿದೆಯೆಂದು ಚಾಂದಬಿ ಲಿಂಬೆ ಪಾನಕ ಮಾಡಿ ತಂದಳು.

“ಐದು ಗಂಟೆ ಒಳಗೆ ಯಾರನ್ನಾದರೂ ಕರ್ಕೊಂಡು ಬನ್ನಿ ಸರ್,” ಎಂದು ಪೂಜಾ ಹೊರಟುಹೋದಳು.

“ಇಲ್ಲೆ ಕುಂತು ಏನ್ ಮಾಡ್ತೀರಿ?” ಎಂದಳು ಫಕ್ಕೀರವ್ವ. “ಮಾಸೂರಿಗೆ ಹೋಗಿ ಯಾರನರ ಹಿಡಕೊಂಡು ಬರ್ರಿ.”

ತಪ್ಪು ತನ್ನದೆಂದು ಚಂದ್ರಪ್ಪ ವೀಳ್ಯದೆಲೆ ಸಾಗಿಸುವ ತನ್ನ ಸಣ್ಣ ಲೋಡ್ ಗಾಡಿ ತೆಗೆದ. ದಾರಿಯುದ್ದಕ್ಕೂ, “ನಾ ನಿಮ್ಮ ಮಾನ ಉಳಸಾಕ ಹೇಳಿದೆ ರೀ,” ಎನ್ನುತ್ತಲೇ ಇದ್ದ. ಹಾವೇರಿ ದಾಟುವಷ್ಟರಲ್ಲಿ ಮಾಸ್ತರರು ಆ ಮಾತನ್ನು ಹದಿನಾಲ್ಕು ಸಲ ಕೇಳಿದ್ದರು.

ಮಾಸೂರಿನಲ್ಲಿ ಮಾಸ್ತರರು ತಾವು ಹುಟ್ಟಿದ ಓಣಿಗೇ ಹೋದರು. ಅಂಗಳದಲ್ಲಿದ್ದ ಹುಡುಗಿಯೊಬ್ಬಳು ಒಳಗೆ ಮುಖ ಮಾಡಿ ಕೂಗಿದಳು: “ಯವ್ವಾ, ಸವಣೂರವ್ರು ಬಂದಾರ, ನೀರು ತಗೊಂಡು ಬಾ!” ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ಜಾಗ ಕೊಟ್ಟರು. ಆದರೆ ಸಾಕ್ಷಿಯ ಮಾತೆತ್ತಿದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನೀವು ಸವಣೂರವ್ರಲ್ಲೇನ್ರಿ? ನಮ್ಮೂರವ್ರು ಅಂತ ಸುಳ್ಳು ಹೆಂಗ ಹೇಳೂಣು?”

ಮಾಸ್ತರರಿಗೆ ಅಳು ಬಂದಂತಾಯಿತು. ಸವಣೂರಿನವರು ನಮ್ಮವನಲ್ಲ ಅನ್ನಲೊಲ್ಲರು, ಮಾಸೂರಿನವರು ನಮ್ಮವನು ಅನ್ನಲೊಲ್ಲರು. ಊರ ಪಕ್ಕದ ಮಡಗ ಕೆರೆಯ ದಂಡೆಯ ಮೇಲೆ ಹೋಗಿ ಕೂತರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದರು.

“ಏ ಮಾಲಿಂಗ್ಯಾ! ಇದ ಜಾಗಾದಾಗ ನಿನ್ನ ಚೊಣ್ಣ ನೀರಾಗ ಹರದು ಹೋಗಿತ್ತಲೋ!”

ನಾಲ್ಕನೇ ಇಯತ್ತೆಯಲ್ಲಿ ಜೊತೆಗೆ ಕಲಿತ ಕರಿಬಸಪ್ಪ! ಮಾಸ್ತರರು ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. ಮಾಸೂರಿನವನೆಂದು ಒಂದು ಸಾಕ್ಷಿ ಬರೆದುಕೊಡು ಎಂದದ್ದಕ್ಕೆ, ಯಾತಕ್ಕೆಂದೂ ಕೇಳದೆ ಕರಿಬಸಪ್ಪ ಹೆಗಲ ಮೇಲಿನ ಟವೆಲು ಕೊಡವಿದ. “ಬರದು ಕೊಡೂದೇನು ಬಂತು? ನಾನ ಬಂದು ಬಾಯಿಲೇ ಹೇಳ್ತೇನಿ, ನಡಿ.”

ಬರುವಾಗ ಒಮ್ಮೆ ಟೈರು ಪಂಕ್ಚರಾಯಿತು, ಒಮ್ಮೆ ಕರಿಬಸಪ್ಪನಿಗೆ ಚಹಾ ಬೇಕಾಯಿತು. ಮಂಟಪ ಮುಟ್ಟಿದಾಗ ಐದಕ್ಕೆ ಎರಡೇ ನಿಮಿಷ ಬಾಕಿ. ಕರಿಬಸಪ್ಪ ಕೆರೆಯಲ್ಲಿ ತೇಲಿಹೋದ ಚಡ್ಡಿಯ ಕತೆಯನ್ನೂ ಬಿಡದೆ ಸಾಕ್ಷಿ ಹೇಳಿದ. ಪೂಜಾ ನಕ್ಕು ಒಪ್ಪಿದಳು. ಕರಿಬಸಪ್ಪ ಕುರ್ಚಿ ಹಿಡಿಯಲು ಒಳಗೆ ಹೋದ ಮೇಲೆ ಅವಳು ಮಾಸ್ತರರಿಗೆ ಹೇಳಿದಳು: “ನುಡಿಸಿ ಮುಗಿದ ಮೇಲೆ ನಾನು ಮೈಕಲ್ಲಿ ನಿಮ್ಮ ಹೆಸರು ಹೇಳ್ತೀನಿ ಸರ್. ತಹಮೀನಾ ಅವರೇ ಕೆಳಗೆ ಬಂದು ಶಾಲು ಹೊದಿಸ್ತಾರೆ. ಮಾಸೂರಿನವರು ಮುಂದಿನ ಸಾಲಲ್ಲಿ ಇರ್ತಾರೆ ಅಂತ ಅವರಿಗೆ ಹೇಳಿರ್ತೀನಿ.”

ಕಾರ್ಯಕ್ರಮ ಶುರುವಾಯಿತು. ಊರು ತುಂಬಿ ಬಂದಿತ್ತು. ದೇಶ ಬಿಟ್ಟು ದೇಶಕ್ಕೆ ಹೋದವರು ಕಟ್ಟಿದ ಸಂಗೀತ. ಪಿಟೀಲುಗಳೆಲ್ಲ ಕೂಡಿ ಎದ್ದು, ಕೂಡಿ ಇಳಿದವು. ಚಾಂದಬಿಗೆ ಒಂದು ಸ್ವರವೂ ತಿಳಿಯಲಿಲ್ಲ, ಆದರೂ ಕಣ್ಣು ಒದ್ದೆಯಾಯಿತು. “ಪಾಪ, ತವರಮನಿ ನೆನಪಾಗಿ ಕಟ್ಟಿರಬೇಕು,” ಎಂದು ಫಕ್ಕೀರವ್ವ ಸೆರಗಿನಿಂದ ಮೂಗೊರೆಸಿದಳು. ಮುಂದಿನ ಸಾಲಿನಲ್ಲಿ ಮಾಸ್ತರರು, ಪಕ್ಕದಲ್ಲಿ ಕರಿಬಸಪ್ಪ.

ಕೊನೆಗೆ ತಹಮೀನಾ ಒಬ್ಬಳೇ ಪಿಯಾನೋ ಮುಂದೆ ಕೂತಳು. ಬೀಗರ ಧಾಟಿಯ ಮೊದಲ ಸಾಲು ಹೊರಟಿತು. ಬ್ಯಾಂಡಿನಲ್ಲಿ ಗದ್ದಲ ಹಾಕುತ್ತಿದ್ದ ಧಾಟಿ ಅವಳ ಬೆರಳಲ್ಲಿ ಎಷ್ಟು ಚೆಂದ ಇತ್ತೆಂದರೆ ಮಾಸ್ತರರು ಕುರ್ಚಿಯ ಅಂಚಿಗೆ ಸರಿದು ಕೂತರು. ನಾನು ಕಟ್ಟಿದ್ದು, ಇದು ನಾನು ಕಟ್ಟಿದ್ದು ಎಂದುಕೊಂಡರು.

ಎರಡನೆಯ ಸಾಲಿಗೆ ಸವಣೂರಿಗೆ ಸವಣೂರೇ ಎದ್ದು ನಿಂತಿತು.

ಕಲ್ಯಾಣ ಮಂಟಪ, ಬೀಗರ ಧಾಟಿ, ಇನ್ನೇನು ಬೇಕು? ಐದುನೂರು ಮಂದಿ ವೇದಿಕೆಗೆ ಬೆನ್ನು ತಿರುಗಿಸಿ ಬಾಗಿಲಿಗೆ ಕೈಮುಗಿದರು. ಗಂಡಸರು ಟೊಪ್ಪಿಗೆ ಸರಿಮಾಡಿಕೊಂಡರು. ಹೆಂಗಸರು, “ತಂಬಿಗಿ ಎಲ್ಲೈತಿ, ನೀರು ತರ್ರಿ,” ಎಂದು ಓಡಾಡಿದರು. ಪಿಯಾನೋ ಯಾವಾಗ ಲಾರಿಗೆ ಹೇರಬೇಕೆಂದು ಕೇಳಲು ಬಂದ ಹುಬ್ಬಳ್ಳಿಯ ಡ್ರೈವರು ಬಾಗಿಲಲ್ಲೇ ಸಿಕ್ಕಿಬಿದ್ದ. ನೋಡನೋಡುವಷ್ಟರಲ್ಲಿ ಅವನ ಕಾಲಿಗೆ ನೀರು, ಹಣೆಗೆ ಕುಂಕುಮ. ಎಲ್ಲರಿಗಿಂತ ಮುಂದೆ ನಿಂತು ಎರಡೂ ಕೈ ಜೋಡಿಸಿ, “ಬರ್ರಿ ಬೀಗರ, ಒಳಗ ಬರ್ರಿ!” ಎನ್ನುತ್ತಿದ್ದವರು ಮಹಾಲಿಂಗಪ್ಪ ಮಾಸ್ತರರೇ. ಕಾಲು ಯಾವಾಗ ಎದ್ದವೋ, ಬಾಗಿಲಿಗೆ ಯಾವಾಗ ಬಂದವೋ ಅವರಿಗೆ ಗೊತ್ತೇ ಆಗಲಿಲ್ಲ.

ಹೆಸರು ಹೇಳಬೇಕಿದ್ದ ಪೂಜಾ ಆಗ ಹಿಂಬಾಗಿಲಲ್ಲಿ ಜನರೇಟರಿನವನ ಜೊತೆ ಜಗಳದಲ್ಲಿದ್ದಳು. ತಹಮೀನಾ ನುಡಿಸಿ ಮುಗಿಸಿ ತಲೆಯೆತ್ತಿದರೆ ಕಂಡದ್ದು ಐದುನೂರು ಬೆನ್ನು. ಮುಂದಿನ ಸಾಲಿನಲ್ಲಿ ಒಬ್ಬನೇ ಒಬ್ಬ ಮುದುಕ ಅಲುಗಾಡದೆ ಕೂತು ಅವಳನ್ನೇ ನೋಡುತ್ತಿದ್ದ. ಮಾಸೂರಿನ ಮದುವೆಗಳಲ್ಲಿ ಆ ಧಾಟಿ ಇಲ್ಲ. ಕರಿಬಸಪ್ಪ ಯಾಕೆ ಏಳಬೇಕು?

ಅವಳು ಕೆಳಗಿಳಿದು ಬಂದು, ಬಂದಷ್ಟು ಕನ್ನಡದಲ್ಲಿ ಕೇಳಿದಳು: “ನೀವು ಮಾಸೂರಿಂದ ಬಂದವರಾ?”

“ಹೌದವಾ,” ಎಂದ ಕರಿಬಸಪ್ಪ. “ಇವತ್ತ ಬಂದೇನಿ.”

ಶಾಲು ಬಿತ್ತು, ಹಾರ ಬಿತ್ತು. ಅವಳು ಮೈಕಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದಳು. ಅದರಲ್ಲಿ ಊರಿಗೆ ತಿಳಿದದ್ದು ‘ಮಾಸೂರು’ ಒಂದೇ. ಜನ ತಿರುಗಿ ನೋಡಿ ಜೋರಾಗಿ ಚಪ್ಪಾಳೆ ತಟ್ಟಿದರು. ಮಾಸ್ತರರು ಡ್ರೈವರನ ಕೈ ಬಿಟ್ಟು ಓಡಿ ಬರುವಷ್ಟರಲ್ಲಿ ಫೋಟೋ ಕೂಡ ಮುಗಿದಿತ್ತು.

ಬ್ಯಾಂಡಿನ ಮುಬಶೀರ ಸಿಟ್ಟಿನಿಂದ ತೋಳೇರಿಸಿದ. “ಮಾಸ್ತರ, ನಾ ಮೈಕ್ ಹಿಡದು ಖರೇ ಹೇಳಲೇನ್ರಿ?”

ಮಾಸ್ತರರು ಬಾಯಿ ತೆರೆದರು. ಅಷ್ಟರಲ್ಲಿ ಕರಿಬಸಪ್ಪ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಅವನ ಕಣ್ಣು ತುಂಬಿದ್ದವು. “ಮಾಲಿಂಗ್ಯಾ, ಒಂದು ಸಾಕ್ಷಿ ಹೇಳಿದ್ದಕ್ಕ ಇಷ್ಟು ದೊಡ್ಡ ಮರ್ಯಾದಿ ಮಾಡಿದ್ರಲ್ಲೋ! ನನ್ನ ಕೊಳ್ಳಿಗೆ ಮದುವಿ ದಿನಾ ಬಿಟ್ರ ಯಾರೂ ಹಾರಾ ಹಾಕಿದ್ದಿಲ್ಲ ನೋಡು.”

ಮಾಸ್ತರರು ತೆರೆದ ಬಾಯಿ ಮುಚ್ಚಿದರು. ಹಾರವನ್ನು ಕರಿಬಸಪ್ಪನ ಕೊರಳಿಗೇ ಮತ್ತೆ ಹಾಕಿದರು. ಮುಬಶೀರನ ಹೆಗಲ ಮೇಲೆ ಕೈಯಿಟ್ಟು, “ಬಿಡಪಾ,” ಎಂದರು.

ಊಟದ ಸಾಲಿನಲ್ಲಿ ಮೊದಲ ಎಲೆ ಕರಿಬಸಪ್ಪನದು, ಎರಡನೆಯದು ಲಾರಿ ಡ್ರೈವರನದು. ಚಂದ್ರಪ್ಪ ಗೋಧಿ ಹುಗ್ಗಿಯ ಬಕೆಟ್ಟನ್ನು ಮಾಸ್ತರರ ಕೈಗೆ ಕೊಟ್ಟು ಮೆಲ್ಲಗೆ ಹೇಳಿದ: “ಬ್ಯಾಸರ ಮಾಡ್ಕೋಬ್ಯಾಡ್ರಿ. ಶಾಲು ಹೊರಗಿನವ್ರಿಗೆ. ನಾವು ಮನಿಯವ್ರು, ಬಡಸೂದು ನಮ್ಮ ಪಾಳಿ.”

ಮಾಸ್ತರರಿಗೆ ನಗು ಬಂತು. ಬಗ್ಗಿ ಬಡಿಸತೊಡಗಿದರು. ಕರಿಬಸಪ್ಪ ಶಾಲಿಗೆ ತುಪ್ಪ ತಾಗದಂತೆ ಹಿಂದೆ ಸರಿಸಿಕೊಂಡು ಕೇಳಿದ: “ಅಂದಂಗ, ಆ ಹುಡುಗಿ ಕಡೀಕ ಬಾರಿಸಿದ ಹಾಡು ಭಾಳ ಛಲೋ ಇತ್ತಲೋ. ಯಾರ ಕಟ್ಟಿದ್ದು?”

“ಮಾಸೂರಾಂವ ಒಬ್ಬಂವ,” ಎಂದು ಮಾಸ್ತರರು ಇನ್ನೊಂದು ಸೌಟು ಹುಗ್ಗಿ ಹಾಕಿದರು.

“ಹೌದಾ?” ಕರಿಬಸಪ್ಪ ತುತ್ತು ತಡೆದು ಯೋಚಿಸಿದ. “ಸುಳ್ಳ ಹೇಳಬ್ಯಾಡ. ಮಾಸೂರಾಗ ಅಂಥಾವ ಇದ್ದಿದ್ರ ನನಗ ಗೊತ್ತಿರತಿದ್ದಿಲ್ಲೇನು?”