ಮಾಮನ ಉಸಿರಿನ ಕ್ಯಾನು

ನಮ್ಮ ಸೋದರಮಾವನಿಗೆ ಗೊತ್ತಿಲ್ಲದ ವಿಜ್ಞಾನವಿಲ್ಲ, ರಸಾಯನಶಾಸ್ತ್ರ ಒಂದನ್ನು ಬಿಟ್ಟು! ಅದಕ್ಕೂ ಪಾಪ, ಅವರು ಹೊಣೆಯಲ್ಲ. ದಿಲ್ಲಿಗೆ ಬಂದ ದಿನದಿಂದ ನಿವೃತ್ತಿಯವರೆಗೂ ಅವರು ಓಖ್ಲಾದ ಒಂದು ಪ್ರೆಸ್ಸಿನಲ್ಲಿ ದುಡಿದವರು. ಶಾಲಾ ಮಕ್ಕಳ ಗೈಡುಗಳು ಅಲ್ಲಿ ಅಚ್ಚಾಗುತ್ತಿದ್ದವು. ಬಯಾಲಜಿ, ಫಿಸಿಕ್ಸ್ ಇವರ ಮೆಷಿನ್ನಿಗೆ ಬರುತ್ತಿದ್ದವು. ಕೆಮಿಸ್ಟ್ರಿಯ ಆರ್ಡರು ಮಾತ್ರ ಪಕ್ಕದ ಗಲ್ಲಿಯ ಪ್ರೆಸ್ಸಿನ ಪಾಲಾಗುತ್ತಿತ್ತು. ಹೀಗಾಗಿ ಹೃದಯದ ಕೋಣೆಗಳು, ಚಲನೆಯ ನಿಯಮಗಳು ಎಲ್ಲವೂ ಅವರಿಗೆ ಬಾಯಿಪಾಠ. ಉಪ್ಪು ಅಂದರೆ ಏನು ಮಾಮ ಎಂದು ಕೇಳಿದರೆ, ಸಾರಿಗೆ ಹಾಕುವುದು ಎನ್ನುತ್ತಾರೆ.

ಓದಿದ್ದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಮಾಮ ಎಲ್ಲವನ್ನೂ ಮಾಡಿ ತೋರಿಸಬೇಕು! ಒಮ್ಮೆ ನೋಯ್ಡಾದಿಂದ ಹೊರಟ ಮೆಟ್ರೋದಲ್ಲಿ ನನ್ನ ಮಕ್ಕಳಿಗೆ ಜಡತ್ವ ತೋರಿಸುತ್ತೇನೆಂದು ಕಂಬ ಹಿಡಿಯದೆ ನಿಂತರು. ರೈಲು ನಿಂತಿತು, ಮಾಮ ನಿಲ್ಲಲಿಲ್ಲ. ಎದುರಿಗೆ ಕೂತಿದ್ದ ಹರಿಯಾಣದ ದಪ್ಪ ಮೀಸೆಯವರೊಬ್ಬರ ತೊಡೆಯ ಮೇಲೆ ಹೋಗಿ ಕೂತರು. ಕೂತಲ್ಲಿಂದಲೇ ಅವರಿಗೆ ಹಿಂದಿಯಲ್ಲಿ ಜಡತ್ವದ ನಿಯಮವನ್ನು ಪೂರ್ತಿ ವಿವರಿಸಿದರು. ಮೀಸೆಯವರು ಕೊನೆಯವರೆಗೂ ಕೇಳಿಸಿಕೊಂಡು, "ಅಚ್ಛಾ. ಅಬ್ ಉಠ್ ಭೀ ಜಾವೋ" ಎಂದರು. ಸರಿ, ಇನ್ನಾದರೂ ಏಳಿ ಅಂತ!

ಮನೆಯ ಮಗು ಒಂಬತ್ತನೇ ಕ್ಲಾಸಿಗೆ ಬಂತೆಂದರೆ ಮಾಮನಿಗೆ ಜ್ವರ ಏರಿದಂತೆ. ದೀಪಾವಳಿ ಕಳೆದ ಮೇಲೆ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇರುತ್ತದಲ್ಲ! ದಿಲ್ಲಿಯ ನಮ್ಮ ಕಡೆ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಾರ್ಕೆಟ್ಟಿನ ಹಿಂದಿನ ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟುಗಳು ಸಾಲಾಗಿ ಕೂತಿರುತ್ತವೆ. ಕ್ಲಾಸು ಹೇಳಿದರೆ ಸಾಕು, ಅಂಗಡಿಯ ಭಯ್ಯಾ ಕೇಳುವುದು ಒಂದೇ ಪ್ರಶ್ನೆ: ಓಡುವಂಥದ್ದು ಬೇಕೋ, ಬರೀ ನೋಡುವಂಥದ್ದು ಸಾಕೋ?

ನನ್ನ ಮಗನ ಸರದಿ ಬಂದಾಗ ಮಾಮ ಆ ಅಂಗಡಿಯ ಹೆಸರೆತ್ತಲೂ ಬಿಡಲಿಲ್ಲ. ಬಯಾಲಜಿಯೇ ಆಗಬೇಕೆಂದು ಮಟನ್ ಅಂಗಡಿಗೆ ಹೋಗಿ ಮೇಕೆಯ ಶ್ವಾಸಕೋಶ ತಂದು, ನಮ್ಮ ಸಸ್ಯಾಹಾರಿ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕದಲ್ಲಿಟ್ಟರು. ಬೆಳಿಗ್ಗೆ ಮುಚ್ಚಳ ತೆಗೆದವರು ನಮ್ಮ ಅತ್ತೆ, ಯಜಮಾನರ ತಾಯಿ! ಮಾಮನೇ ಸಮಾಧಾನ ಹೇಳಿದರು. "ಗಾಬರಿ ಆಗ್ಬೇಡಿ ಅಕ್ಕಾವ್ರೇ, ಮೇಕೆದು. ಕೊಳವೆ ಇಟ್ಟು ಊದಿದ್ರೆ ಚೆನ್ನಾಗಿ ಉಬ್ಬುತ್ತೆ." ಅತ್ತೆ ಸಂಜೆಯೊಳಗೆ ಗುರುಗ್ರಾಮದ ಕಿರಿಯ ಮಗನ ಮನೆ ಸೇರಿದರು.

ಆ ಸಲ ಮಗ ಅಂಗಡಿಯ ಗಾಳಿಯಂತ್ರ ತೆಗೆದುಕೊಂಡು ಹೋಗಿ ಸರ್ಟಿಫಿಕೇಟು ತಂದ. ಪ್ರದರ್ಶನಕ್ಕೆ ಬಂದ ಮಾಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ, ಚೆನ್ನಾಗಿದೆ ಎಂದರು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದುಬಿಟ್ಟರು.

ಕಳೆದ ವರ್ಷ ಮಗಳ ಸರದಿ. ನಮ್ಮ ವಂಶದಲ್ಲಿ ಒಂಬತ್ತನೇ ಕ್ಲಾಸಿಗೆ ಬರಬೇಕಾದ ಮಕ್ಕಳಲ್ಲಿ ಅವಳೇ ಕೊನೆಯವಳು. ಮಾಮನಿಗೂ ದಿಲ್ಲಿಯಲ್ಲಿ ಅದೇ ಕೊನೆಯ ಚಳಿಗಾಲ. ಕೆಮ್ಮು ಹೆಚ್ಚಾಗಿ, ಡಾಕ್ಟರು ದಿಲ್ಲಿ ಬಿಡಿ ಎಂದಿದ್ದರು. ಮೈಸೂರಿನ ಮಗಳ ಮನೆಗೆ ಟಿಕೆಟ್ಟಾಗಿತ್ತು. ಒಂದು ದಿನ ನಾನು ಅವರೆಕಾಯಿ ಬಿಡಿಸುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತರು.

"ಇಷ್ಟು ವರ್ಷ ಅಚ್ಚು ಹಾಕಿದೀನಿ ಕಣಮ್ಮ. ಅದರಲ್ಲಿ ಒಂದನ್ನಾದ್ರೂ ಒಂದು ಮಗು ಕೈಯಾರೆ ಮಾಡಿ ತೋರಿಸೋದನ್ನ ನೋಡ್ಬೇಕು. ಆಮೇಲೆ ಹೋಗ್ತೀನಿ."

ಮಗಳದು ಬೇರೆಯೇ ತಲೆನೋವು. "ತಾತ, ಮ್ಯಾಮ್ ಬಯಾಲಜಿ ಯಾ ಫಿಸಿಕ್ಸ್, ಒಂದೇ ಚೂಸ್ ಮಾಡೋಕೆ ಹೇಳಿದಾರೆ. ಕೌನ್ಸಾ ಲೂಂ? ಯಾವುದು ತಗೊಳ್ಲಿ?" ಎಂದಳು. ನಮ್ಮ ಯಜಮಾನರು ಫಿಸಿಕ್ಸ್ ಎಂದು ತೀರ್ಪು ಕೊಟ್ಟು, ಆಫೀಸಿನಿಂದ ಬರುವಾಗ ಅಂಗಡಿಯಿಂದ ಏರ್ ಪ್ಯೂರಿಫೈಯರ್ ಮಾಡೆಲ್ಲನ್ನೇ ತಂದುಬಿಟ್ಟರು. ಮಾಮ ಎರಡೂ ಎಂದರು. ನೀರಿನ ಐದು ಲೀಟರಿನ ಕ್ಯಾನೊಂದನ್ನು ತುಂಬಿಸಿ, ಟಬ್ಬಿನ ನೀರಿನಲ್ಲಿ ಬೋರಲು ಹಾಕಿ, ಬಾಯಿಗೊಂದು ರಬ್ಬರ್ ಪೈಪು ತೂರಿಸಿದರು. ಉಸಿರು ತುಂಬಿಕೊಂಡು ಊದಿದರೆ ಗಾಳಿ ಮೇಲೇರಿ ನೀರು ಕೆಳಗಿಳಿಯುತ್ತದೆ. ಎಷ್ಟು ಇಳಿಯಿತೋ ಅಷ್ಟು ನಿಮ್ಮ ಎದೆಯ ಗಾಳಿ. ಎದೆ ಬಯಾಲಜಿ, ನೀರು ಫಿಸಿಕ್ಸ್!

ಆಮೇಲೆ ನಮ್ಮ ಹಾಲ್ ಹಾಲ್ ಆಗಿ ಉಳಿಯಲಿಲ್ಲ. ತರಕಾರಿಯ ಭಯ್ಯಾ ಊದಿದ, ಇಸ್ತ್ರಿಯವನು ಊದಿದ. ದಿನಾ ಜಿಮ್ಮಿಗೆ ಹೋಗುವ ನಮ್ಮ ಯಜಮಾನರು ಎದೆಯುಬ್ಬಿಸಿ ಬಂದು, ಅರ್ಧ ಕ್ಯಾನಿಗೇ ಕಣ್ಣು ಕೆಂಪಗೆ ಮಾಡಿಕೊಂಡು ಸೋಫಾ ಸೇರಿದರು. ಸೊಸೈಟಿ ಗೇಟಿನ ಗಾರ್ಡ್ ಕ್ಯಾನನ್ನು ಹೆಚ್ಚುಕಡಿಮೆ ಖಾಲಿಯೇ ಮಾಡಿದಾಗ ಮಾಮ ಎದ್ದು ನಿಂತು ಅವನಿಗೇ ಸೆಲ್ಯೂಟ್ ಹೊಡೆದರು. ಒಬ್ಬೊಬ್ಬರ ಗುರುತನ್ನೂ ಮಗಳು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಹಾಕುತ್ತಿದ್ದಳು. ನೀವೂ ಊದಿ ಮಾಮ ಎಂದರೆ ಮಾತ್ರ, "ಪರೀಕ್ಷಕರು ಪರೀಕ್ಷೆ ಬರೆಯಲ್ಲಮ್ಮ" ಎಂದು ಜಾರಿಕೊಳ್ಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಇಷ್ಟಾದರೂ ಮಗಳು ಆರಿಸಿಕೊಂಡದ್ದು ಪ್ಯೂರಿಫೈಯರನ್ನೇ. ಕ್ಯಾನು ಟಬ್ಬು ಹೊತ್ತುಕೊಂಡು ಹೋದರೆ ಗೆಳತಿಯರು ನಗುತ್ತಾರಂತೆ. ಮಾಮ ಕ್ಯಾನನ್ನು ಬಾಲ್ಕನಿಯ ಮೂಲೆಗೆ ಸಾಗಿಸಿದರು.

ಪ್ರದರ್ಶನದ ಹಿಂದಿನ ಸಂಜೆ ಸುದ್ದಿ ಬಂತು. ಹೊಗೆ ಮಿತಿಮೀರಿ ಶಾಲೆಗಳಿಗೆಲ್ಲ ರಜೆ, ಪ್ರದರ್ಶನ ಆನ್‌ಲೈನ್. ಕ್ಲಾಸಿಗೆ ಕ್ಲಾಸೇ ಗಾಳಿ ಶುದ್ಧ ಮಾಡುವ ಯಂತ್ರ ಇಟ್ಟುಕೊಂಡು ಕೂತಿತ್ತು, ಗಾಳಿ ಕೆಟ್ಟು ಶಾಲೆಯೇ ಮುಚ್ಚಿಹೋಯಿತು! ಮರುದಿನ ಕಂಪ್ಯೂಟರಿನ ಮುಂದೆ ಕೂತ ಮಗಳು ನೋಡುತ್ತಾಳೆ, ಅವಳಿಗಿಂತ ಮುಂಚೆ ಬಂದವರೆಲ್ಲರದೂ ಅದೇ ಅಂಗಡಿಯ ಅದೇ ಪ್ಯೂರಿಫೈಯರ್. ಜಡ್ಜ್ ಆಕಳಿಸಿದ್ದೂ ತೆರೆಯಲ್ಲಿ ಕಂಡಿತು. ಅವಳಿಗೆ ಏನನ್ನಿಸಿತೋ, ಮೈಕ್ ಆಫ್ ಮಾಡಿ ಬಾಲ್ಕನಿಗೆ ಓಡಿದಳು.

ನಾನೂ ಅವಳೂ ಸೇರಿ ಗಡಿಬಿಡಿಯಲ್ಲಿ ಕಂಪ್ಯೂಟರಿನ ಮುಂದೆ ಕ್ಯಾನು ತುಂಬಿಸಿ ಬೋರಲು ಹಾಕುವಷ್ಟರಲ್ಲಿ ಅವಳ ಸರದಿ ಬಂತು, ಮೈಕ್ ಆನ್ ಮಾಡಿದಳು. ಊದುವವರು ಯಾರು? ಅವಳು ಜಡ್ಜ್‌ಗೆ ವಿವರಿಸಬೇಕಿತ್ತು, ನನ್ನ ಎರಡೂ ಕೈ ಕ್ಯಾನಿನ ಮೇಲಿದ್ದವು, ಯಜಮಾನರು ಆಫೀಸಿನಲ್ಲಿದ್ದರು. "ತಾತ, ಆಪ್ ಆವೋ ನಾ. ಪ್ಲೀಸ್" ಎಂದಳು. ಮಾಮ ನನ್ನ ಮುಖ ನೋಡಿದರು. ಪರೀಕ್ಷಕರ ಮಾತು ಈ ಸಲ ಬರಲಿಲ್ಲ. ಬಂದು ನೆಲದ ಮೇಲೆ ಕೂತು, ಪೈಪು ಬಾಯಿಗಿಟ್ಟುಕೊಂಡರು.

ಒಂದಿಷ್ಟು ಗುಳ್ಳೆಗಳು ಎದ್ದವು, ಅಷ್ಟೆ. ಕತ್ತಿನ ನರ ಉಬ್ಬುವಂತೆ ಊದಿದರು. ನೀರು ಎರಡು ಬೆರಳಿನಷ್ಟು ಇಳಿದು ನಿಂತಿತು. ಎಲ್ಲರ ಗೆರೆಗಳೂ ಅದರ ಕೆಳಗೆ, ಎಷ್ಟೋ ಕೆಳಗೆ ಇದ್ದವು. ನಾವು ನಗುತ್ತಿದ್ದಾಗ ಅವರು ಏನನ್ನು ಬಚ್ಚಿಟ್ಟಿದ್ದರು ಎಂಬುದು ಆಗ ತಿಳಿಯಿತು. ಆ ಮೇಕೆಯ ಶ್ವಾಸಕೋಶವನ್ನಾದರೂ ನಾವು ಅವತ್ತು ಊದಿ ನೋಡಬಾರದಿತ್ತೇ?

ತೆರೆಯಲ್ಲಿದ್ದ ಜಡ್ಜ್, ಮಾಡೆಲ್ ಕೆಲಸ ಮಾಡುತ್ತಿಲ್ಲವೇ ಬೇಟಾ ಎಂದು ಹಿಂದಿಯಲ್ಲಿ ಕೇಳಿದರು. ಮಗಳು ಕ್ಯಾನನ್ನು ನೋಡಿದಳು, ತಾತನನ್ನು ನೋಡಿದಳು.

"ಕಾಮ್ ಕರ್ ರಹಾ ಹೈ, ಸರ್" ಎಂದಳು. "ಮೇರೇ ತಾತಾ ಕೀ ರೀಡಿಂಗ್ ಇತ್ನೀ ಹೀ ಹೈ." ನನ್ನ ತಾತನ ಅಳತೆಯೇ ಇಷ್ಟು, ಅಂತ.

ಆಮೇಲೆ ಕಂಪ್ಯೂಟರ್ ಮುಚ್ಚಿ ಅಳತೊಡಗಿದಳು. ಮಾಮನಿಗೆ ಉಸಿರು ಕೂಡಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಕೂಡಿಕೊಂಡ ಮೇಲೆ ಅವಳ ಕೈಗೆ ಸ್ಕೆಚ್ ಪೆನ್ನು ಕೊಟ್ಟರು.

"ಅಳ್ತಾರಾ ಪುಟ್ಟಿ? ಪ್ರಯೋಗ ಸರಿಯಾಗಿ ಬಂತು. ಗೆರೆ ಎಳಿ."

ಅವಳು ಎಳೆದಳು. ನಾನು ಅಡುಗೆಮನೆಗೆ ಹೋಗಿ ಸಾರಿಗಿಟ್ಟೆ. ಉಪ್ಪು ಹಾಕಿದೆನೋ ಇಲ್ಲವೋ ನನಗೆ ನೆನಪಿಲ್ಲ. ಮಾಮ ಮಾತ್ರ ಅವತ್ತು ಇನ್ನಷ್ಟು ಬಡಿಸು ಎಂದು ಕೇಳಿ ಹಾಕಿಸಿಕೊಂಡು ಉಂಡರು.