ಮೀನಿನ ಮುಂದ ಮದ್ದು ಸುಟ್ಟಿದ್ದು

ಫೋಟೋ ತೆಗೆಯುವವನ ಬಾಳಿನಾಗ ನಗುವಂಥದ್ದು ವಾರಕ್ಕೊಂದು ಆಗೇ ಆಗ್ತದ. ಮದುಮಗ ಸೀನ್ತಾನ, ಗೌಡರ ತಲಿ ಮ್ಯಾಲಿನ ಪಟಗ ಜಾರ್ತದ. ಮೀನಿನ ಫೋಟೋ ಮಾತ್ರ ಜನ್ಮದಾಗ ಒಂದೇ ಸಲ ತೆಗೆದೆ. ಅದಕ್ಕ ಮೂರು ಸಲ ಭಾಲ್ಕಿಗೆ ಹೋಗಬೇಕಾಯ್ತು.

೧

ನಾನು ಔರಾದದವ. ಸಾಲಿ ಕಲಿತದ್ದು ಕಮ್ಮಿ. ಬೀದರದಾಗ ಫೋಟೋದಂಗಡಿ ಇಟ್ಟಿದ್ದೆ. ನಿಜಾಮನ ಮ್ಯಾಲೆ ಪೊಲೀಸ್ ಆಕ್ಷನ್ ಆಗಿ ಸ್ವಲ್ಪ ದಿನ ಆಗಿತ್ತು; ಢಂ ಅಂದರ ಜನ ಇನ್ನೂ ಅಂಜತಿದ್ದರು. ಭಾಲ್ಕಿಯ ಮುದುಕ ಮುನ್ಶಿ ಸಾಹೇಬರು ಹೇಳಿ ಕಳಿಸಿದರು. ಶುಕ್ರವಾರ ಹೈದರಾಬಾದಿಗೆ, ಮಗನ ಮನೆಗೆ ಹೊರಟಿದ್ದರು. ಮನೆಯಾಗ ಗಾಜಿನ ಪೆಟ್ಟಿಗೆ, ಅದರಾಗ ಎರಡು ಕೆಂಪು ಮೀನು.

"ನಮ್ಮ ಬೇಗಂ ಸಾಕಿದ್ದು. ಆಕಿ ಹೋಗಿಬಿಟ್ಟಳು. ಆಕಿ ಫೋಟೋ ಇಲ್ಲ. ಮೀನಿಂದಾದ್ರೂ ಒಂದು ಕೊಡು ಭಾಯಿ" ಅಂದರು.

ಆಗ ಬೆಳಕಿಗೆ ತಗಡಿನ ತಟ್ಟೆಯಾಗ ಮದ್ದು ಸುಡತಿದ್ದೆವು. ಗಾಜಿನ ಎದುರಿಗೇ ಹಿಡಿದು ಸುಟ್ಟೆ. ಬೆಳಕು ಗಾಜಿಗೆ ಬಡಿದು, ಫೋಟೋದಾಗ ಬಂದದ್ದು ಬೆಳ್ಳಗಿನ ಸೂರ್ಯ ಒಂದೇ.

"ಮೀನು ಎಲ್ಲಿ?"

"ಬೆಳಕಿನ ಹಿಂದ ಅವ್ರಿ."

"ಹಂಗಾದ್ರ ಬೆಳಕು ಒಂದೀಟು ಸರಿಸು" ಅಂದರು, ಫೋಟೋ ಕೈಯಾಗ ಹಿಡಿದೇ.

೨

ಎರಡನೇ ಸಲ ಬಾಜೂಕ ನಿಂತೆ. ಮೀನು ತಳದ ಕತ್ತಲಿನಾಗ ಕೂತಿದ್ದವು. ಮದ್ದು ಎರಡು ಪಟ್ಟು ಹಾಕಿದೆ. ಢಂ ಅಂತು. ಓಣಿಯ ಬಾಗಿಲೆಲ್ಲ ಮುಚ್ಚಿದವು. ಗಸ್ತಿನ ಸಿಪಾಯಿ ಇಬ್ಬರು ಓಡಿ ಬಂದರು. ನಾನು ಕ್ಯಾಮೆರಾದ ಕರಿ ಬಟ್ಟೆಯೊಳಗೆ ಹೊಕ್ಕೆ.

"ಸಿಡಿಸಿದ್ದು ಯಾರು?"

ಸಂಗಡ ಬಂದಿದ್ದ ನನ್ನ ಹೆಂಡತಿ ಬಟ್ಟೆಯ ಕಡೆ ಕೈ ಮಾಡಿದಳು.

"ಯಾರಿಗೆ?"

"ಮೀನಿಗ್ರಿ."

ದೊಡ್ಡ ಸಿಪಾಯಿ ಬಗ್ಗಿ ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದ. ಆಮೇಲೆ ಸಣ್ಣವನಿಗೆ ಹೇಳಿದ: "ಬರಕೊ. ಇಬ್ಬರೂ ಜೀವಂತ ಅದಾರ."

೩

ಗುರುವಾರ. ಎರಡನೇ ಸಲದ್ದರಾಗ ಬರೇ ಹೊಗಿ ಬಂದಿತ್ತು. ಉಳಿದದ್ದು ಫೋಟೋದ ಗಾಜಿನ ಪ್ಲೇಟು ಒಂದೇ.

"ಮದ್ದು ಚಿಟಿಕಿಯಷ್ಟೇ ಹಾಕ್ರಿ. ಅವನ್ನ ಕರಿಯೂದು ನನಗ ಬಿಡ್ರಿ" ಅಂದಳು ಹೆಂಡತಿ.

ಪೆಟ್ಟಿಗೆಯ ಹಿಂದ ಮೊಣಕಾಲೂರಿ ಕೂತಳು. ರೊಟ್ಟಿ ಚೂರು ಹಾಕಿದಳು. ಬರಲಿಲ್ಲ. ಗಾಜಿಗೆ ಮುಖ ಹಚ್ಚಿ, ಗಲ್ಲ ಉಬ್ಬಿಸಿ, ಮೀನಿನಂಗ ಬಾಯಿ ತೆಗೆದು ಮುಚ್ಚಿ ಮಾಡಿದಳು. ಎರಡೂ ಮೇಲೆದ್ದು ಆಕಿ ಬಾಯಿ ಹಂತೇಕ ಬಂದವು. ಸುಟ್ಟೆ.

ಆ ರಾತ್ರಿ ಅಲ್ಲೇ ಕತ್ತಲ ಕೋಣ್ಯಾಗ ಪ್ಲೇಟು ತೊಳೆದು ಫೋಟೋ ಮಾಡಿದೆ. ಮೈಮ್ಯಾಲಿನ ಹುರುಪಿ ಸುದ್ದಾ ಎಣಿಸಬೇಕು, ಹಂಗ ಬಂದಿದ್ದವು ಮೀನು. ಹಿಂದ, ನೀರಿನಾಗಿಂದ, ಮೊರದಷ್ಟು ದೊಡ್ಡದಾಗಿ ನನ್ನ ಹೆಂಡತಿಯ ಮುಖ.

"ಪ್ಲೇಟ್ ಒಡೀರಿ ಮೊದಲು!" ಅಂದಳು.

ಮುನ್ಶಿ ಸಾಹೇಬರು ಬಿಡಲಿಲ್ಲ. "ಇರಲಿ ಬೇಟಿ. ನಮ್ಮ ಬೇಗಂನೂ ಹಿಂಗೇ ಕರೀತಿದ್ದಳು." ಫೋಟೋ ಒಯ್ದರು. ಮೀನು ಆಕಿಗೆ ಕೊಟ್ಟು ಹೋದರು.

ಹೋದ ವರ್ಷ ನನ್ನಾಕಿ ತೀರಿದಳು. ಅರ್ಧ ಬೀದರದ ಫೋಟೋ ತೆಗೆದವ ನಾನು. ಆಕಿದು ಹುಡುಕಿದರ ಆ ಒಂದು ಪ್ಲೇಟು ಬಿಟ್ಟರ ಏನೂ ಇಲ್ಲ. ಅದನ್ನೇ ದೊಡ್ಡದು ಮಾಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ ಗೋಡೆಗೆ ಹಾಕಿದೆ.

ಭಾಲ್ಕಿಯಿಂದ ಬೀಗರು ಮಾತಾಡಿಸಿ ಹೋಗಲಿಕ್ಕೆ ಬಂದರು. ಫೋಟೋದ ಮುಂದ ನಿಂತು ಕೈ ಮುಗಿದರು. ತಲೆ ಎತ್ತಿದರು. ಭುಜ ಕುಣಿಯಲಿಕ್ಕೆ ಹತ್ತಿದವು. ಶಲ್ಯ ಬಾಯಿಗೆ ಒತ್ತಿಕೊಂಡರು. ಅಳತಾರ ಅಂದುಕೊಂಡು ನಾನೇ ಸಮಾಧಾನ ಹೇಳಲಿಕ್ಕೆ ಹೋದೆ. ಅವರು ಕಣ್ಣೀರು ಒರೆಸಿಕೊಂಡು, ಏನಾದರೂ ಹೇಳಲೇಬೇಕಲ್ಲ ಅಂತ, ಹೇಳಿದರು:

"ಮೀನು ಭಾಳ ಛಲೋ ಬಂದಾವ್ರಿ."