ರೌಂಡ್ ನೆಕ್ ಕಿಟಕಿ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಲೋಕದಲ್ಲಿರುವುದನ್ನೆಲ್ಲ ರವಿಕೆ ಎಂದೇ ತಿಳಿದವರು! ಬಣಕಲ್ಲಿನಲ್ಲಿ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವರಿಗೆ ಬೇರೇನು ಕಂಡೀತು ಹೇಳಿ? ಬಸ್ಸಿನಲ್ಲಿ ಪಕ್ಕ ಕುಳಿತವರ ತೋಳು ಸಡಿಲವಾಗಿದ್ದರೆ ಹೆಸರು ಕೇಳುವ ಮೊದಲೇ ಪಿನ್ನು ಚುಚ್ಚಿಬಿಡುತ್ತಾರೆ.

ಹೋದ ವರ್ಷ ಬಾಳೂರಿನ ಹೋಂಸ್ಟೇಯೊಂದಕ್ಕೆ ಪರದೆ ಕೊಡಲು ಹೋದವರು ಅಲ್ಲೊಂದು ಗುಂಡು ಕಿಟಕಿ ನೋಡಿಬಂದರು. ಮರುದಿನವೇ ಆಚಾರಿಗೆ ಬುಲಾವ್. ತಮ್ಮ ಹೊಲಿಗೆ ಕೋಣೆಗೂ ಅಂಥದ್ದೇ ಆಗಬೇಕು!

"ಟೈಲರಮ್ಮೋರೆ, ಮರ ಬಗ್ಗಲ್ಲ. ಚೌಕದ್ದೇ ಇಡ್ಸಿ," ಎಂದ ಆಚಾರಿ.

"ಬಟ್ಟೆ ಏನು ತಾನಾಗೇ ಗುಂಡಗಾಗುತ್ತಾ ಮಾರಾಯ? ರೌಂಡ್ ನೆಕ್ ತಾನೇ, ನನಗೆ ಬಿಡು!"

ಹಳೇ ಪೇಪರುಗಳನ್ನು ಅಂಟಿಸಿ, ನಡುವೆ ಸೂಜಿ ಚುಚ್ಚಿ, ದಾರ ಕಟ್ಟಿ ವೃತ್ತ ಎಳೆದರು. ಬಳೆಯಂತೆ ಕತ್ತರಿಸಿ, ಎಂಟು ತುಂಡು ಮಾಡಿ ಆಚಾರಿಯ ಕೈಗಿತ್ತರು. ಒಂದೊಂದನ್ನೂ ಹಲಸಿನ ಹಲಗೆಯ ಮೇಲಿಟ್ಟು, ಅದೇ ಅಳತೆಗೆ ಕೊಯ್ದು, ಆಮೇಲೆ ಎಂಟನ್ನೂ ಜೋಡಿಸಬೇಕು. ಅವನು ಕೊಯ್ಯುವಾಗ ಅತ್ತೆ ಪಕ್ಕದಲ್ಲೇ ನಿಂತು, "ನಿಧಾನ, ಕಂಕುಳು ಹಿಡಿಯುತ್ತೆ!" ಎಂದು ಕೂಗುತ್ತಿದ್ದರು. ಕಿಟಕಿಗೆಲ್ಲಿಯ ಕಂಕುಳು!

ಗಾರೆ ಮೇಸ್ತ್ರಿ ಗೋಡೆ ಒಡೆದದ್ದೂ ಅತ್ತೆ ಚಾಕ್‌ಪೀಸಿನಲ್ಲಿ ಗೀಚಿಕೊಟ್ಟ ಗೆರೆಗೇ. ಚೌಕಟ್ಟನ್ನು (ಗುಂಡಗಿದ್ದರೂ ಅದು ಚೌಕಟ್ಟೇ ನೋಡಿ!) ಎತ್ತಿ ಇಟ್ಟರೆ, ಸುತ್ತಲೂ ಒಂದಿಂಚು ಸಂದು! ಇನ್ನು ಊರೆಲ್ಲ ನಗುವುದೊಂದು ಬಾಕಿ.

"ಅತ್ತೆ, ಲೂಸಾಯ್ತಲ್ಲ!"

"ಹೊಲಿಗೆಗೆ ಬಿಟ್ಟಿದ್ದು ಕಣೆ."

ಮೇಸ್ತ್ರಿ ಆ ಸಂದಿಗೆ ಸಿಮೆಂಟು ತುಂಬುತ್ತ ತಲೆದೂಗಿದ. "ಇಷ್ಟು ಜಾಗ ಬೇಕೇ ಬೇಕು ಅಮ್ಮ. ಇಲ್ದಿದ್ರೆ ಮತ್ತೆ ಗೋಡೆ ಕೆತ್ತಬೇಕಿತ್ತು."

ನಾನು ಬೀಗಿದ್ದು ನೋಡಬೇಕಿತ್ತು, ಒಂದು ಮೊಳೆಯನ್ನೂ ಹೊಡೆಯದವಳು! ಆಚಾರಿಯಂತೂ ಈಗ ಮೂಡಿಗೆರೆಯವರೆಗೂ ಹೇಳಿಕೊಂಡು ಬರುತ್ತಾನೆ: "ನಾನೂ ಟೈಲರಮ್ಮೋರೂ ಸೇರಿ ಮಾಡಿದ್ದು."

ಗಾಜು ಕೂರಿಸಿದ ಸಂಜೆ, ಎಲ್ಲರೂ ಹೋದ ಮೇಲೆ, ಅತ್ತೆ ಆ ಹಲಸಿನ ಮರದ ಮೇಲೆ ಕೈಯಾಡಿಸುತ್ತ ನಿಂತೇ ಇದ್ದರು.

"ಸಾಕು ಬನ್ನಿ, ನಿಮ್ಮ ದೃಷ್ಟಿಯೇ ತಾಗೀತು," ಎಂದು ರೇಗಿಸಿದೆ.

ಅವರು ನಗಲಿಲ್ಲ.

"ಇಷ್ಟು ವರ್ಷ ಹೊಲಿದಿದ್ದನ್ನೆಲ್ಲ ಮಡಚಿ ಬೇರೆಯವ್ರ ಮನೆಗೆ ಕಳಿಸಿದ್ದೇ ಆಯ್ತು ಕಣೆ," ಎಂದರು. "ನನ್ನ ಕೈಯಲ್ಲಿ ಆಗಿದ್ದು ನನ್ನ ಮನೇಲೇ ಉಳ್ಕೊಂಡಿದ್ದು ಇದೊಂದೇ."